ಮೊಣಕಾಲಿನ ಎತ್ತರ

ಜುಲೈ 7, 2024. ರವಿವಾರ. ಧಾರವಾಡ

ಇವರು ಮತ್ತೆ ನೆಲದ ಮೇಲೆ. ಚಾಪೆ, ಮೇಲೊಂದು ಕೌದಿ. "ಗಟ್ಟಿ ನೆಲಾನ ಬೆನ್ನಿಗೆ ಛಲೋ" ಅನ್ನುತ್ತಾರೆ. ಬೆಳಗ್ಗೆ ಏಳುವಾಗ ಗೋಡೆ ಹಿಡಿಯುತ್ತಾರೆ.

ಚಾದರ ತೆಗೆದು ಗಾದಿಯ ಮೇಲೆ ಅಡ್ಡಡ್ಡ ಮೀಟರ್ ಪಟ್ಟಿ ಇಟ್ಟು ನೋಡಿದೆ. ಇವರು ಮಲಗುವ ಕಡೆ ಪಟ್ಟಿಯ ಕೆಳಗೆ ಸುಮಾರು ಎರಡು ಇಂಚು ತಗ್ಗು. ನನ್ನ ಕಡೆ ಒಂದು. ನಟ್ಟನಡುವೆ ಒಂದು ದಿಬ್ಬ. ವಾರಂಟಿ ಕಾರ್ಡು ಹುಡುಕಿ ಓದಿದೆ. ಒಂದು ಇಂಚಿಗಿಂತ ಹೆಚ್ಚು ಕುಸಿದರೆ ಬದಲಿ ಕೊಡುತ್ತಾರೆ, ಕಲೆ ಬಿದ್ದಿದ್ದರೆ ಕೊಡುವುದಿಲ್ಲ. ಅವಧಿಯೇ ಮುಗಿದಿದೆ, ಓದಿ ಏನು ಮಾಡುವುದು.

ಮದುವೆಗೆ ಅಪ್ಪ ಕೊಡಿಸಿದ ನಾರಿನ ಗಾದಿ ಇದಕ್ಕಿಂತ ಎಷ್ಟೋ ವರ್ಷ ಹೆಚ್ಚು ಬಾಳಿತ್ತು. ಕರ್ಲಾನ್. 1962ರಲ್ಲಿ ಮಣಿಪಾಲದ ಪೈ ಮನೆತನದವರು ಕಟ್ಟಿದ ಕಂಪನಿ. ಹೋದ ವರ್ಷ ಶೀಲಾ ಫೋಮ್‌ನವರು ಕೊಂಡರಂತೆ. ಅಪ್ಪ ಅದನ್ನು ಹುಬ್ಬಳ್ಳಿಯಿಂದ ಬಸ್ಸಿನ ಟಾಪ್ ಮೇಲೆ ಕಟ್ಟಿಸಿಕೊಂಡು ತಂದಿದ್ದರು.

ಹೊಸದು ಬೇಕೇ ಬೇಕು. ಅವ್ವನ ಮುಂದೆ ಹೇಳಿದೆ. "ಆಷಾಢ ಹತ್ತೇದ, ಈಗ ಮಂಚ ಗಾದಿ ತರಬ್ಯಾಡವಾ" ಅಂದಳು. ನೋಡಿ ಬರಲು ಆಷಾಢ ಏನು ಅಡ್ಡಿ?

ಜುಲೈ 9, ಮಂಗಳವಾರ. ರಾತ್ರಿ 3.10

ಎಚ್ಚರ. ಪಡಸಾಲೆಯಲ್ಲಿ ಅವ್ವ ದಿವಾನದ ಮೇಲೆ ಕೂತಿದ್ದಾಳೆ. ಲೈಟು ಹಾಕಿಲ್ಲ. ಎರಡೂ ಕೈ ಊರಿ ಏಳಲು ನೋಡುತ್ತಾಳೆ, ಅರ್ಧ ಎದ್ದು ಮತ್ತೆ ಕೂರುತ್ತಾಳೆ. ಕುಶನ್ನಿನೊಳಗೆ ಅಂಗೈ ಇಳಿಯುತ್ತದೆ, ಊರಲು ಗಟ್ಟಿ ಜಾಗ ಇಲ್ಲ. ಕೊನೆಗೆ ಟೀಪಾಯಿ ಹತ್ತಿರಕ್ಕೆಳೆದು ಅದನ್ನು ಹಿಡಿದು ಎದ್ದಳು. ಗಾಜಿನ ಟೀಪಾಯಿ.

ನಾನು ಬಾಗಿಲಲ್ಲೇ ನಿಂತಿದ್ದೆ. ಮುಂದೆ ಹೋಗಲಿಲ್ಲ. ಹೋದರೆ "ನಿನ್ನ ನಿದ್ದಿ ಕೆಡಿಸಿದ್ನೇನ" ಅನ್ನುತ್ತಾಳೆ, ಆಮೇಲೆ ಬೆಳಗಿನ ತನಕ ನೀರೂ ಕುಡಿಯುವುದಿಲ್ಲ.

ಅಪ್ಪ ಹೋದ ಮೇಲೆ ಅಣ್ಣಿಗೇರಿಯಿಂದ ಕರೆದುಕೊಂಡು ಬಂದಾಗ "ಸದ್ಯಕ್ಕ ದಿವಾನದ ಮ್ಯಾಲ ಮಲಗವಾ" ಅಂದಿದ್ದೆ. ಸದ್ಯಕ್ಕೆ.

ಜುಲೈ 10, ಬುಧವಾರ

ಅವ್ವ ಸ್ನಾನಕ್ಕೆ ಹೋದಾಗ ದಿವಾನ ಅಳೆದೆ. ನೆಲದಿಂದ ಕುಶನ್ನಿನ ಮೇಲ್ಭಾಗಕ್ಕೆ 15 ಇಂಚು. ಕೂತರೆ ನಾಲ್ಕು ಇಂಚು ತಗ್ಗುತ್ತದೆ. ಅಂದರೆ 11 ಇಂಚಿನಿಂದ ಏಳಬೇಕು. ಎಪ್ಪತ್ತಾರರ ಮೊಣಕಾಲು.

ಮೊದಲು ಅವಳದು. ನಮ್ಮದು ಆಮೇಲೆ. ಇವರೂ ಹೂಂ ಅಂದರು.

ಜುಲೈ 13, ಶನಿವಾರ

ಹುಬ್ಬಳ್ಳಿ. ದೊಡ್ಡ ಶೋರೂಮು. "ನಾ ಯಾಕ ಬರ್ಲಿ" ಅಂತಲೇ ಅವ್ವ ಬಂದಳು.

ಹುಡುಗ ತೋರಿಸಿದ್ದೆಲ್ಲ ಎತ್ತರ. ಕೆಳಗೆ ಪೆಟ್ಟಿಗೆಯಂಥ ಸ್ಟೋರೇಜು, ಹೈಡ್ರಾಲಿಕ್ ಮೇಲೆ ಏಳುವುದು, ಅದರ ಮೇಲೆ ಎಂಟು ಇಂಚಿನ ಗಾದಿ. ಅವ್ವ ಚಪ್ಪಲಿ ಬಿಟ್ಟು ತುದಿಯಲ್ಲಿ ಕೂತಳು. ಕಾಲು ನೆಲ ಮುಟ್ಟಲಿಲ್ಲ. ಹೆಬ್ಬೆರಳು ಚಾಚಿ ಟೈಲ್ಸ್ ಹುಡುಕುತ್ತಿದ್ದಳು. ಅಳೆದರೆ 22 ಇಂಚು. ತಗ್ಗಿದ್ದರೆ ಏಳಲಾಗದು, ಎತ್ತರವಿದ್ದರೆ ಇಳಿಯುವಾಗ ಜಾರಿ ಬೀಳುವುದು. ಆ ಹುಡುಗನಿಗೆ ಇದು ತಲೆಗೆ ಹೋಗಲೇ ಇಲ್ಲ. "ಕಾಲಮಣೆ ಕೊಡ್ತೀವಿ ಮೇಡಂ" ಅಂದ. ನಡುರಾತ್ರಿ ಕತ್ತಲಲ್ಲಿ ಕಾಲಮಣೆ ಮೇಲೆ ಮುದುಕಿ ಕಾಲಿಡಬೇಕೆ?

ಆಮೇಲೆ ಮೆಮರಿ ಫೋಮ್. "ನಾಸಾದವರು ಕಂಡುಹಿಡದದ್ದು" ಅಂದ. ಅದು ಸುಳ್ಳಲ್ಲ. 1966ರಲ್ಲಿ ನಾಸಾದ ಏಮ್ಸ್ ಕೇಂದ್ರಕ್ಕಾಗಿ ವಿಮಾನದ ಸೀಟಿನ ಕುಶನ್ ಮಾಡಲು ಹೊರಟಾಗ ಬಂದ ವಸ್ತು. ಮೈಶಾಖಕ್ಕೆ ಮೆತ್ತಗಾಗಿ ಮೈಯ ಆಕಾರಕ್ಕೆ ಇಳಿಯುತ್ತದೆ. ವಿಮಾನದ ಸೀಟಿನಲ್ಲಿ ಯಾರೂ ಮಗ್ಗಲು ಬದಲಿಸುವುದಿಲ್ಲ, ಹಾಸಿಗೆಯಲ್ಲಿ ಬದಲಿಸಬೇಕು. ಅವ್ವ ಮಲಗಿ ಹೊರಳಲು ನೋಡಿದಳು. ಆಗಲಿಲ್ಲ. "ಎರಿ ಹೊಲದಾಗ ಮಳಿ ಬಂದಾಗ ಕಾಲು ಹುಗಿತದಲ್ಲ, ಹಂಗ ಆತು" ಅಂದಳು. ನಾನೇ ಕೈ ಹಿಡಿದು ಎಬ್ಬಿಸಿದೆ.

ಬೇಸಿಗೆಯ ಸೆಖೆಯಲ್ಲಿ ಅದು ಇನ್ನೂ ಕಾಯುತ್ತದೆ ಅಂತ ಪಕ್ಕದಲ್ಲಿ ಗಾದಿ ನೋಡುತ್ತಿದ್ದ ಹೆಂಗಸೊಬ್ಬರು ಮೆಲ್ಲಗೆ ಹೇಳಿದರು. ಅವರ ಮನೆಯಲ್ಲಿ ಇದೆಯಂತೆ.

ಮಂಚ ಗಾದಿ ಎರಡೂ ಸೇರಿ ಹೇಳಿದ್ದು 38,000. ಬೆಲೆ ಅವ್ವನ ಕಿವಿಗೂ ಬಿತ್ತು. ವಾಪಸು ಬರುವಾಗ ದಾರಿಯುದ್ದಕ್ಕೂ ಕಿಟಕಿ ಕಡೆ ಮುಖ ಮಾಡಿದ್ದಳು. ನವನಗರ ದಾಟಿದ ಮೇಲೆ ಒಂದೇ ಮಾತು: "ನಾ ಎಷ್ಟ ದಿನ ಇರಾಕಿ ಅಂತ ಇಷ್ಟ ರೊಕ್ಕ?"

ಎಷ್ಟು ದಿನ ಇಲ್ಲಿ ಇರುತ್ತಾಳೆ ಅಂತಲೋ, ಎಷ್ಟು ದಿನ ಬದುಕಿರುತ್ತಾಳೆ ಅಂತಲೋ. ಗೊತ್ತಾಗಲಿಲ್ಲ. ಕೇಳುವ ಧೈರ್ಯ ಆಗಲಿಲ್ಲ.

ಜುಲೈ 14, ರವಿವಾರ

ಮಗಳ ಫೋನು. ಫಿಸಿಯೋಥೆರಪಿ ಮೂರನೇ ವರ್ಷ. ಅಪ್ಪನಿಗೆ ಬೈದಳು. ಗಟ್ಟಿ ಇದ್ದಷ್ಟೂ ಒಳ್ಳೆಯದು ಅನ್ನುವುದು ಹಳೆಯ ಮಾತಂತೆ. ಸ್ಪೇನಿನಲ್ಲಿ ಸೊಂಟನೋವಿನ 313 ಜನರ ಮೇಲೆ ಪರೀಕ್ಷೆ ನಡೆಸಿದ್ದರು, 2003ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದಿದೆ. ಅರ್ಧ ಜನಕ್ಕೆ ಗಟ್ಟಿ ಗಾದಿ, ಅರ್ಧ ಜನಕ್ಕೆ ಮಧ್ಯಮ. ಯಾರದು ಯಾವುದೆಂದು ಅವರಿಗೇ ಹೇಳಿರಲಿಲ್ಲ. 90 ದಿನದ ಮೇಲೆ ನೋಡಿದರೆ ಮಧ್ಯಮದ ಮೇಲೆ ಮಲಗಿದವರ ನೋವೇ ಹೆಚ್ಚು ಇಳಿದಿತ್ತು.

ಇವರು ಕೇಳಿಸಿಕೊಂಡರು. "ಸ್ಪೇನಿನವರ ಬೆನ್ನು" ಅಂದರು, ಅಷ್ಟೆ. ರಾತ್ರಿ ಚಾಪೆ ಮೇಲೇ ಮಲಗಿದರು.

ಮಗಳು ಹೇಳಿಕೊಟ್ಟ ಪರೀಕ್ಷೆ ಬರೆದಿಟ್ಟುಕೊಳ್ಳುತ್ತೇನೆ. ಅಂಗಾತ ಮಲಗಿ ಸೊಂಟದ ಕೆಳಗೆ ಅಂಗೈ ತೂರಿಸಬೇಕು. ಸಲೀಸಾಗಿ ಆಚೆ ಹೋದರೆ ಗಾದಿ ಅತಿ ಗಟ್ಟಿ. ಕೈ ಹೋಗದಿದ್ದರೆ ಅತಿ ಮೆತ್ತಗೆ. ಸ್ವಲ್ಪ ಬಿಗಿಯಾಗಿ ಹೋಗಬೇಕು. ಅಂಗಡಿಯಲ್ಲಿ ಕೂತು ನೋಡುವುದಲ್ಲ, ಹದಿನೈದು ನಿಮಿಷ ಮಲಗಬೇಕು, ಮನೆಯಲ್ಲಿ ಹೇಗೆ ಮಲಗುತ್ತಾರೋ ಹಾಗೆಯೇ. ಅವ್ವ ಎಡಮಗ್ಗಲು. ಇವರು ಅಂಗಾತ.

'ಆರ್ಥೋಪೆಡಿಕ್' ಅಂತ ಬರೆದಿದ್ದರೆ? "ಅದು ಕಂಪನಿಯವರು ಇಟ್ಟ ಹೆಸರು ಮಮ್ಮಿ, ಡಾಕ್ಟರು ಕೊಟ್ಟದ್ದಲ್ಲ."

ಜುಲೈ 18, ಗುರುವಾರ

ಶಾಲೆ ಬಿಟ್ಟ ಮೇಲೆ ಇಲ್ಲೇ ಊರಲ್ಲೊಂದು ಫೋಮಿನ ಅಂಗಡಿ. ನಮ್ಮ ಕೋಣೆಗೆ.

ಫೋಮಿಗೆ ಡೆನ್ಸಿಟಿ ಅಂತ ಒಂದು ಲೆಕ್ಕ. ಒಂದು ಘನ ಮೀಟರಿಗೆ ಎಷ್ಟು ಕಿಲೋ. 40 ಅಂದರೆ ಗಟ್ಟಿ ಅಂತ ಅರ್ಥವಲ್ಲ, ಮಾಲು ಹೆಚ್ಚು ಅಂತ, ಬೇಗ ಕುಸಿಯುವುದಿಲ್ಲ. ಇಪ್ಪತ್ತರ ಆಸುಪಾಸಿನದು ಹೊಸದರಲ್ಲಿ ಅಷ್ಟೇ ಚೆಂದ ಕಾಣುತ್ತದೆ, ಒಂದೆರಡು ವರ್ಷಕ್ಕೆ ತಗ್ಗು. ಅಂಗಡಿಯವರು 40 ಅಂದರು. ನಾನು ಕೊಕ್ಕೆ ತಕ್ಕಡಿ ಒಯ್ದಿದ್ದೆ, ಮಗಳು ಹಾಸ್ಟೆಲಿಗೆ ಹೋಗುವಾಗ ತಂದದ್ದು.

75 ಉದ್ದ, 60 ಅಗಲ, 6 ದಪ್ಪ. 27,000 ಘನ ಇಂಚು. ಘನ ಮೀಟರಿಗೆ ತಂದರೆ 0.44. ಅದಕ್ಕೆ 40 ಅಂದರೆ ಹದಿನೇಳೂವರೆ ಕಿಲೋ ಮೇಲೆ ತೂಗಬೇಕು. ಅಂಗಡಿಯ ಹುಡುಗರಿಬ್ಬರು ಹಗ್ಗ ಕಟ್ಟಿ ಎತ್ತಿದರು. ಕವರು ಸೇರಿ ಹದಿಮೂರೂವರೆ. ಮೂವತ್ತೂ ಬಾರದು.

ಮಾಲೀಕರು ಸಿಟ್ಟಾಗಲಿಲ್ಲ. "ನಲವತ್ತು ಮ್ಯಾಲಿನ ಪದರ ಮೇಡಂ, ಕೆಳಗಿಂದು ಬ್ಯಾರೆ" ಅಂದರು. ಮೊದಲೇ ಹಾಗೆ ಹೇಳಬಹುದಿತ್ತು. ಕೊಳ್ಳಲಿಲ್ಲ. ಒಂಬತ್ತನೇ ತರಗತಿಯ ಮಕ್ಕಳಿಗೆ ಈ ಲೆಕ್ಕ ನಾಳೆ ಹಾಕಿಸಬೇಕು. ಪುಸ್ತಕದ ನೀರಿನ ಟ್ಯಾಂಕಿಗಿಂತ ಇದು ಮನೆಯಲ್ಲಿ ಉಪಯೋಗಕ್ಕೆ ಬರುತ್ತದೆ.

ಜುಲೈ 21, ರವಿವಾರ

ಮಳೆ ಬಿಟ್ಟಿಲ್ಲ. ಎದುರುಮನೆಯವರ ಹೊಸ ಮಂಚ ನೋಡಿ ಬಂದೆ. ಆನ್‌ಲೈನ್‌ನಲ್ಲಿ ತರಿಸಿದ್ದು. ನೋಡಲು ಕಟ್ಟಿಗೆಯೇ. ಒಳಗೆ ಪುಡಿ ಒತ್ತಿದ ಬೋರ್ಡು. ಗೋಡೆಯ ತೇವ ತಾಗಿ ಒಂದು ಮೂಲೆ ಉಬ್ಬಿ, ಅಂಚಿನ ಪಟ್ಟಿ ಬಿಟ್ಟಿದೆ. ಸ್ಕ್ರೂ ಬೆರಳಲ್ಲೇ ಹೊರಗೆ ಬಂತು. ಆ ಅಕ್ಕ ಅದನ್ನು ಮತ್ತೆ ತೂತಿಗೆ ಇಟ್ಟು ಅಂಗೈಯಿಂದ ಒತ್ತಿದಳು.

ಧಾರವಾಡದ ಮಳೆಗೆ ಇದಾಗದು. ಒಂದೋ ಕಬ್ಬಿಣ, ಇಲ್ಲ ನಿಜವಾದ ಕಟ್ಟಿಗೆ. ಕಬ್ಬಿಣದ್ದು ಅಗ್ಗ, ತಿಗಣಿಯ ಕಾಟವೂ ಕಡಿಮೆ. ಅವ್ವ ಬೇಡ ಅಂದಳು. ಅಪ್ಪ ಕೊನೆಯಲ್ಲಿ ಮಲಗಿದ್ದು ಬಾಡಿಗೆಗೆ ತಂದ ಕಬ್ಬಿಣದ ಮಂಚದ ಮೇಲೆ. ಅವಳು ಹಾಗಂತ ಹೇಳಲಿಲ್ಲ, ನನಗೆ ನೆನಪಾಯಿತು.

ಬಡಿಗೇರ ಕಾಕಾರಿಗೆ ಫೋನು ಮಾಡಿದೆ. ಹೊಸ ಸಾಗವಾನಿ ಕೈಗೆಟುಕುವುದಿಲ್ಲ ಅಂದರು. ಹಳೆ ಮನೆ ಕೆಡವಿದ ತೊಲೆ ಸಿಗುತ್ತದಂತೆ. ಐವತ್ತು ವರ್ಷ ಒಣಗಿದ ಕಟ್ಟಿಗೆ, ಇನ್ನು ಸೊಟ್ಟಗಾಗುವುದಿಲ್ಲ.

ಜುಲೈ 24, ಬುಧವಾರ

ಪುಣೆಯಿಂದ ತಮ್ಮನ ಫೋನು. "ಅವ್ವಗ ಮಂಚ ಮಾಡಸ್ಲಿಕ್ಕತ್ತೀಯಂತ? ಅಂದ್ರ ಅಕಿ ಅಲ್ಲೇ ಇರಾಕೇನು?" ಬೇಸರದಲ್ಲಿ ಕೇಳಿದನೋ ನಿರಾಳನಾಗಿ ಕೇಳಿದನೋ. ಫೋನು ಇಟ್ಟ ಮೇಲೆ ಅವ್ವ ಬಟ್ಟೆ ಮಡಿಸಿ ಟ್ರಂಕಿಗೆ ಹಾಕತೊಡಗಿದಳು. ಇವತ್ತೇನೂ ಹೊರಡುವುದಿಲ್ಲ. ಆದರೂ ಹಾಕಿದಳು.

ರಾತ್ರಿ ಅವಳ ಕಾಲು ಒತ್ತುತ್ತ ಕೇಳಿದೆ, ಮೊದಲೆಲ್ಲ ಎಲ್ಲಿ ಮಲಗುತ್ತಿದ್ದೆ ಅಂತ. ನವಲಗುಂದದ ಕಡೆಯ ತವರಲ್ಲಿ ಹತ್ತಿ ಅಂಡಿಗೆಗಳ ಪಕ್ಕದಲ್ಲಿ. ಮದುವೆಯಾದ ಮೇಲೆ ಅಡುಗೆಮನೆಯಲ್ಲಿ, ಒಲೆ ಆರಿದ ನಂತರ. ಬಾಣಂತನದಲ್ಲಿ ಹೊರಸಿನ ಮೇಲೆ, ಕೆಳಗೆ ಕೆಂಡ. ಅಪ್ಪನಿಗೆ ಲಕ್ವ ಹೊಡೆದ ಮೇಲೆ ಅವರ ಮಂಚದ ಪಕ್ಕ, ಚಾಪೆ ಮೇಲೆ. ಅವರು ಕೈ ಆಡಿಸಿದರೂ ಗೊತ್ತಾಗಬೇಕಲ್ಲ.

"ನಿನ್ನದೇ ಅಂತ ಮಂಚ?"

"ಯಾಕ ಬೇಕಾಗಿತ್ತು?"

ನನಗೆ ಉತ್ತರ ಹೊಳೆಯಲಿಲ್ಲ. ಈಗ ಬರೆಯುವಾಗಲೂ ಇಲ್ಲ.

ಜುಲೈ 28, ರವಿವಾರ

ಗಾದಿ ಅಂಗಡಿ. ಹಳೆ ಪೇಟೆಯ ಓಣಿ, ನದಾಫ ಚಾಚಾರದು. ಅವರ ಅಜ್ಜ ಬಿಲ್ಲಿನಿಂದ ಹತ್ತಿ ಹಿಂಜುತ್ತಿದ್ದರು. ಈಗ ಮಷಿನ್ನು. ಬಿಲ್ಲು ಗೋಡೆಯ ಮೇಲೆ ಹಾಗೇ ಇದೆ, ತಂತಿಯೊಂದು ಇಲ್ಲ.

ಒಳಗೆ ಕಾಲಿಟ್ಟ ಕೂಡಲೇ ಅವ್ವ ಬೇರೆಯೇ ಆದಳು. ಶೋರೂಮಿನಲ್ಲಿ ಬಾಯಿ ಬಿಡದವಳು. ಚಾಚಾ ಮೊದಲು ತೋರಿಸಿದ ಚೀಲದಿಂದ ಒಂದು ಚಿಟಿಕೆ ಎತ್ತಿ, ಎರಡು ಹೆಬ್ಬೆರಳ ನಡುವೆ ಹಿಡಿದು ಮೆಲ್ಲಗೆ ಎಳೆದಳು. ಎಳೆ ಅರ್ಧ ಇಂಚಿಗೇ ಬಿಟ್ಟಿತು. ಅಂಗೈ ಮೇಲಿಟ್ಟು ಊದಿದಳು. ಧೂಳು ಹಾರಿತು, ನೀಲಿ ಬಣ್ಣದ ಒಂದೆರಡು ನೂಲು ಉಳಿದವು.

"ಇದು ಅರಳಿ ಅಲ್ಲ ಯಪ್ಪಾ, ಗಿರಣ್ಯಾಗಿನ ಕಸ."

ಚಾಚಾ ಅವಳ ಮುಖ ನೋಡಿದರು. ಒಳಗೆ ಹೋಗಿ ಬೇರೆ ಚೀಲ ತಂದರು. "ಯವ್ವಾ, ಇದನ್ನ ನೋಡ್ರಿ." ತಾವೇ ಒಂದು ಎಸಳು ಕಿತ್ತು ಕಡ್ಡಿ ಗೀರಿ ಹಚ್ಚಿ ತೋರಿಸಿದರು. ಸುಟ್ಟ ಕಾಗದದ ವಾಸನೆ, ಬೆರಳಿಗೆ ಪುಡಿಯಾಗುವ ಬೂದಿ. ಪಾಲಿಯೆಸ್ಟರ್ ಬೆರೆತಿದ್ದರೆ ಕರಗಿ ಗಟ್ಟಿ ಮಣಿಯಾಗುತ್ತದೆ.

ಆಮೇಲೆ ಇಬ್ಬರೂ ಜಯಧರ ಹತ್ತಿಯ ಮಾತು. ಹಿಂದೆ ನಮ್ಮ ಎರೆ ಹೊಲದಲ್ಲೆಲ್ಲ ಅದೇ. ಗಿಡ್ಡ ಎಳೆ, ಒರಟು. ನುಣ್ಣನೆಯ ಸೀರೆಗೆ ಬಾರದು, ಗಾದಿಗೆ ಅದೇ ಮೇಲು, ಒತ್ತಿದರೂ ಮತ್ತೆ ಏಳುತ್ತದೆ. ಅವ್ವ ಬಿಡಿಸಿದ ಹತ್ತಿ ಅದು. ಈಗ ಸಿಗುವುದು ಕಷ್ಟ ಅಂದರು ಚಾಚಾ, ಹೈಬ್ರಿಡ್ ಬಂದ ಮೇಲೆ ಬಿತ್ತುವವರೇ ಕಡಿಮೆ. ಅವರ ಹತ್ತಿರ ಇದ್ದದ್ದರಲ್ಲಿ ಒರಟಾದದ್ದನ್ನು ಅವ್ವನೇ ಆರಿಸಿದಳು.

6 ಅಡಿ, 3 ಅಡಿ, ನಾಲ್ಕು ಇಂಚು ದಪ್ಪ. 11 ಕಿಲೋ ಅರಳೆ. ಹೊದಿಕೆಗೆ ದಪ್ಪ ಪಟ್ಟೆ ಬಟ್ಟೆ. ದಬ್ಬಣದಿಂದ ಟಾಕಾ ಹತ್ತಿರ ಹತ್ತಿರ ಹಾಕಬೇಕು ಅಂತ ಅವ್ವ ಎರಡು ಸಲ ಹೇಳಿದಳು. ದೂರ ಹಾಕಿದರೆ ಅರಳೆ ಸರಿದು ಗಂಟಾಗುತ್ತದೆ.

ಹತ್ತಿ ಗಾದಿ ಕೂತುಹೋಗುವುದು ಖರೆ. ಎರಡು ಮೂರು ವರ್ಷಕ್ಕೆ ಬಿಚ್ಚಿ ಮತ್ತೆ ಹಿಂಜಿಸಬೇಕು. ಆದರೆ ಅದೇ ಅರಳೆ ಮತ್ತೆ ಗಾದಿಯಾಗುತ್ತದೆ. ಕುಸಿದ ಫೋಮನ್ನು ಏನು ಮಾಡಲು ಬರುತ್ತದೆ? ನಮ್ಮದನ್ನು ಕಸದ ಗಾಡಿಯವರೂ ಒಯ್ಯಲು ಒಪ್ಪಿಲ್ಲ.

ಬಿಸಿಲು ಬಿದ್ದ ಮೇಲೆ ಹಿಂಜಿ ಕೊಡುತ್ತೇನೆ ಅಂದರು ಚಾಚಾ. ತೇವದಲ್ಲಿ ಹಿಂಜಿದರೆ ಹತ್ತಿ ಅರಳುವುದಿಲ್ಲ.

ಆಗಸ್ಟ್ 2, ಶುಕ್ರವಾರ

ಬಡಿಗೇರ ಕಾಕಾ ಮನೆಗೆ ಬಂದು ಅಳತೆ ತೆಗೆದುಕೊಂಡರು. ಅವ್ವನನ್ನು ಕುರ್ಚಿಯ ಮೇಲೆ ಕೂರಿಸಿ, ಪಾದ ನೆಲಕ್ಕೆ ಊರಿಸಿ, ಮೊಣಕಾಲಿನ ಹಿಂದಿನ ಮಡಿಕೆಗೆ ಟೇಪು ಹಿಡಿದೆ. 16 ಇಂಚು. ಅವ್ವ ಸೀರೆಯ ನಿರಿಗೆ ಗಟ್ಟಿಯಾಗಿ ಹಿಡಿದು ಕೂತಿದ್ದಳು, ಫೋಟೋ ತೆಗೆಸುವವರಂತೆ ನೆಟ್ಟಗೆ.

ಮಲಗಿದ ಮೇಲೆ ಗಾದಿ ಕೂತು ಮೂರು ಇಂಚು ಆಗಬಹುದು. ಹಾಗಾಗಿ ಚೌಕಟ್ಟಿಗೆ 14 ಇಂಚು. ಕೂತಾಗ ಒಟ್ಟು 17. ಮೊಣಕಾಲಿಗಿಂತ ಒಂದು ಇಂಚು ಹೆಚ್ಚಿದ್ದರೆ ಏಳುವುದು ಹಗುರ ಅಂದಿದ್ದಳು ಮಗಳು.

ಕೆಳಗೆ ಪ್ಲೈವುಡ್ ಬೇಡ. ಮೂರು ಇಂಚಿನ ಪಟ್ಟಿಗಳು, ಎರಡೆರಡು ಇಂಚು ಸಂದಿ. ಪ್ಲೈವುಡ್ ಮೇಲೆ ಹತ್ತಿ ಗಾದಿ ಹಾಸಿದರೆ ಮಳೆಗಾಲದಲ್ಲಿ ಕೆಳಗಡೆ ಬೂಸು ಹಿಡಿಯುತ್ತದೆ. ತಲೆ ಕಡೆ ಗೋಡೆಗೆ ತಾಗದ ಹಾಗೆ ಒಂದು ಹಿಡಿಕೆ, ಏಳುವಾಗ ಬಲಗೈಗೆ ಸಿಗುವಂತೆ.

ಎಲ್ಲ ಮುಗಿದ ಮೇಲೆ ಅವ್ವ ಕಾಕಾರಿಗೆ ತಾನಾಗಿ ಹೇಳಿದಳು: "ಮೊಳಿ ಹೊಡಿಬ್ಯಾಡ್ರಿ. ಬೋಲ್ಟ ಹಾಕ್ರಿ. ಬಿಚ್ಚಿ ಟೆಂಪೋದಾಗ ಹಾಕಾಕ ಬರಬೇಕು."

ಕಾಕಾ ನನ್ನ ಕಡೆ ನೋಡಿದರು. ನಾನು ಹೂಂ ಅಂದೆ.

ಆಗಸ್ಟ್ 6, ಮಂಗಳವಾರ

ಶ್ರಾವಣ ಹತ್ತಿ ಒಂದು ದಿನ. ಮಂಚ ಬಂತು. ಹಿಂದಿನ ಕೋಣೆಯಲ್ಲಿ ಉತ್ತರಕ್ಕೆ ತಲೆ ಬರುವಂತಿಟ್ಟರೆ ಬಾತ್‌ರೂಮಿನ ಬಾಗಿಲು ಹತ್ತಿರ. ಅವ್ವ "ಬಡಗಲಾಕ ತಲಿ ಹಾಕಬಾರದು" ಅಂದಳು. ದಕ್ಷಿಣಕ್ಕೆ ತಿರುಗಿಸಿದೆವು. ಬಾಗಿಲಿಗೆ ನಾಲ್ಕು ಹೆಜ್ಜೆ ದೂರವಾಯಿತು. ದಾರಿಯಲ್ಲಿ ಒಂದು ಸಣ್ಣ ಲೈಟು ಹಾಕಿಸಿದೆ.

ಗಾದಿ ಸಂಜೆ ಬಂತು. ಚಾಚಾ ತಾವೇ ಹಾಸಿ, ಮೂಲೆಗಳನ್ನು ಮುಷ್ಟಿಯಿಂದ ಗುದ್ದಿ ಸರಿಮಾಡಿ ಹೋದರು.

ರಾತ್ರಿ ಹತ್ತಕ್ಕೆ ನೋಡಿದರೆ ಅವ್ವ ದಿವಾನದ ಮೇಲೆ. "ಹೊಸಾದ ಮ್ಯಾಲ ನಿದ್ದಿ ಹತ್ತಂಗಿಲ್ಲ." ಮಾತಾಡಲಿಲ್ಲ ನಾನು. ಸಿಟ್ಟು ಬಂದಿತ್ತು. ಅಳುವೂ.

ಆಗಸ್ಟ್ 7, ಬುಧವಾರ. ಬೆಳಗಿನ 5

ಹೊಸ ಮಂಚದ ಮೇಲೆ ಮಲಗಿದ್ದಾಳೆ. ಯಾವಾಗ ಹೋದಳೋ. ಎಡಮಗ್ಗಲು, ಮೊಣಕಾಲ ನಡುವೆ ದಿಂಬು.

ಆಗಸ್ಟ್ 9, ಶುಕ್ರವಾರ. ಪಂಚಮಿ

ತಂಗಿ ಬಂದಳು. ಉಂಡಿ, ಅಳ್ಳು, ಗದ್ದಲ. ಅವ್ವ ತಂಗಿಗೆ ಮಂಚ ತೋರಿಸಿದಳು. ಕೂತು ತೋರಿಸಿದಳು, ಕೈ ಊರದೆ ಎದ್ದು ತೋರಿಸಿದಳು. "ನಿಮ್ಮ ಅಕ್ಕ ಅಳತಿ ತಗದು ಮಾಡಸ್ಯಾಳ." ನಾನು ಅಡುಗೆಮನೆಯಲ್ಲಿದ್ದೆ, ಕೇಳಿಸಿತು.

ಮಂಚದ ಬೋಲ್ಟಿನ ಪಾನಾ ಕಾಣಿಸುತ್ತಿಲ್ಲ ಅಂತ ಇವರು ಎಲ್ಲ ಕಡೆ ಹುಡುಕಿದರು. ಅದು ಅವ್ವನ ಟ್ರಂಕಿನಲ್ಲಿದೆ. ನಾನು ನೋಡಿದ್ದೇನೆ. ಇವರಿಗೆ ಹೇಳಲಿಲ್ಲ.

ಆಗಸ್ಟ್ 11, ರವಿವಾರ

ನಮ್ಮ ಕೋಣೆಗೂ ಆಯಿತು. ನಾರಿನದೇ. ತೆಂಗಿನ ನಾರನ್ನು ಸುರುಳಿ ಮಾಡಿ, ರಬ್ಬರ್ ಹಾಲು ಸಿಂಪಡಿಸಿ ಒತ್ತಿದ್ದು ನಾಲ್ಕು ಇಂಚು, ಮೇಲೆ ಎರಡು ಇಂಚು ಫೋಮ್. ಗಾಳಿಯಾಡುತ್ತದೆ. ಪಾಕೆಟ್ ಸ್ಪ್ರಿಂಗ್ ಒಳ್ಳೆಯದೇ, ಒಬ್ಬರು ಹೊರಳಿದರೆ ಇನ್ನೊಬ್ಬರಿಗೆ ಗೊತ್ತಾಗುವುದಿಲ್ಲ, ಒಂದೊಂದು ಸ್ಪ್ರಿಂಗಿಗೂ ಬೇರೆ ಬೇರೆ ಬಟ್ಟೆಯ ಚೀಲ. ಬೆಲೆ ಹೆಚ್ಚು. ನೈಸರ್ಗಿಕ ಲೇಟೆಕ್ಸ್ ಇನ್ನೂ ಹೆಚ್ಚು, ತಿರುಗಿಸಿ ಹಾಕಲು ನಮ್ಮಿಬ್ಬರಿಂದ ಆಗದಷ್ಟು ಭಾರ. ನಾರು, 12,800. ಇವರು ಅಂಗಡಿಯಲ್ಲಿ ಹದಿನೈದು ನಿಮಿಷ ಅಂಗಾತ ಮಲಗಿದರು, ಸೊಂಟದ ಕೆಳಗೆ ನಾನೇ ಅಂಗೈ ತೂರಿಸಿ ನೋಡಿದೆ. ಜನ ನೋಡುತ್ತಿದ್ದರು. ನೋಡಲಿ.

ಆಗಸ್ಟ್ 15, ಗುರುವಾರ. ರಾತ್ರಿ 3.20

ಅವ್ವನ ಕೋಣೆಯಲ್ಲಿ ಸಪ್ಪಳ. ಇವತ್ತೂ ಎದ್ದು ಕೂತಿದ್ದಾಳೆ. ಸಲೀಸಾಗಿ ಎದ್ದಳು, ನಡೆದಳು, ಬಂದಳು, ಮತ್ತೆ ಕೂತಳು. ಮಲಗಲಿಲ್ಲ. ಅಪ್ಪನಿಗೆ ಮಗ್ಗಲು ಬದಲಿಸುತ್ತಿದ್ದ ಹೊತ್ತು ಇದೇ ಅಂತ ಹಿಂದೊಮ್ಮೆ ಹೇಳಿದ್ದಳು. ಗಾದಿಯಿಂದ ಅದು ಹೋಗುವುದೇ? ಗೊತ್ತಿಲ್ಲ.

ಈ ಸಲ ಒಳಗೆ ಹೋದೆ. ಪಕ್ಕದಲ್ಲಿ ಕೂತೆ. ಇಬ್ಬರ ಪಾದವೂ ನೆಲದ ಮೇಲೆ. "ಚಾ ಮಾಡ್ಲೇನು" ಅಂದೆ. "ಮಾಡು" ಅಂದಳು.

ಆಗಸ್ಟ್ 18, ರವಿವಾರ

ಲೆಕ್ಕ. ಹಳೆ ಸಾಗವಾನಿ, ಕೂಲಿ, ಬೋಲ್ಟು ಸೇರಿ ಮಂಚಕ್ಕೆ 9,200. ಅರಳೆ, ಬಟ್ಟೆ, ಹಿಂಜಿ ಹೊಲಿದದ್ದು 3,300. ಅವ್ವ ಈಗ ಯಾರ ಕೈಯನ್ನೂ ಹಿಡಿಯದೆ ಏಳುತ್ತಾಳೆ.

ಇವರು ಚಾಪೆ ಸುತ್ತಿ ಅಟ್ಟಕ್ಕೆ ಹಾಕಿದ್ದಾರೆ. ಬೆಳಗ್ಗೆ ಇನ್ನೂ ನೋವಿದೆ, ಮೊದಲಿನಷ್ಟಿಲ್ಲ ಅನ್ನುತ್ತಾರೆ.

ತಂಗಿ ತನ್ನ ಅತ್ತೆಗೂ ಮಂಚ ಮಾಡಿಸಬೇಕಂತೆ, ಯಾವ ಕಂಪನಿ ಅಂತ ಕೇಳಿದಳು. ಕಂಪನಿ ಆಮೇಲೆ, ಮೊದಲು ನಿಮ್ಮ ಅತ್ತೆಯನ್ನು ಕುರ್ಚಿಯ ಮೇಲೆ ಕೂರಿಸಿ ಮೊಣಕಾಲು ಅಳೆದು ಕಳಿಸು ಅಂದಿದ್ದೇನೆ.